ಕೇಳಿ ತಿಳಿಯೋಣ: ಒಡೆದು ಅಂಟಿಸಿದ ಲಕೋಟೆ

ಹೋದ ಸಂಚಿಕೆಯಲ್ಲಿ ಕಾರವಾರದ ಹಳೆಯ ಟಪಾಲು ದಾರಿಗಳ ಬಗ್ಗೆ ಬರೆಯುತ್ತ ಒಂದು ಸಾಲು ಸೇರಿಸಿದ್ದೆ. ಎರಡನೇ ಮಹಾಯುದ್ಧದ ಮುಂಚಿನ ದಿನಗಳಲ್ಲಿ ಗೋವೆಯ ಗಡಿಯಲ್ಲಿರುವ ಮಾಜಾಳಿಯ ಸುಂಕದ ನಾಕೆಯಲ್ಲಿ ಜವಾನನಾಗಿದ್ದ ನನ್ನ ಅಜ್ಜನಿಗೆ, ಗೋವೆಯ ಕಡೆಯಿಂದ ಬರುವ ಪರದೇಶದವರ ಮೇಲೆ ಕಣ್ಣಿಡುವ ಕೆಲಸವೂ ಇತ್ತು ಎಂದು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರಿಸುತ್ತೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ. ಕೆಲವರು ಮನೆಯ ಹಿರಿಯರ ವಿಷಯ ಬರೆದಿದ್ದಾರೆ, ಅದು ಅವರ ಮನೆಯಲ್ಲೇ ಇರಲಿ.

ಪ್ರಶ್ನೆ: ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಲಕೋಟೆ ಸಿಕ್ಕಿದೆ. 1940ರಲ್ಲಿ ಗೋವೆಯ ವಾಸ್ಕೋದಿಂದ ಅಜ್ಜನ ತಮ್ಮ ಬರೆದದ್ದು. ಆತ ಅಲ್ಲಿ ಹೋಟೆಲಿನ ಕೆಲಸಕ್ಕಿದ್ದ. ಲಕೋಟೆಯ ಒಂದು ಬದಿ ಕತ್ತರಿಸಿ, ಮೇಲೆ ಇಂಗ್ಲಿಷ್ ಅಕ್ಷರದ ಕಾಗದದ ಪಟ್ಟಿ ಅಂಟಿಸಿದ್ದಾರೆ. ಬ್ರಿಟಿಷರು ನಮ್ಮ ಅಜ್ಜನನ್ನು ಗೂಢಚಾರ ಎಂದು ಶಂಕಿಸಿದ್ದರೇ? (ಶಿರಸಿ ತಾಲೂಕಿನ ಓದುಗರು)

ಇಲ್ಲ. ನೀವು ಕಳಿಸಿದ ಫೋಟೋ ನೋಡಿದೆ. ಆ ಪಟ್ಟಿಯ ಮೇಲಿರುವುದು 'ಓಪನ್ಡ್ ಬೈ ಎಕ್ಸಾಮಿನರ್' ಎಂಬ ಅಚ್ಚು. ಯುದ್ಧ ಸಾರಿದ ಮೇಲೆ ಸರ್ಕಾರ ಬಹಿರಂಗವಾಗಿಯೇ ನಡೆಸಿದ ಟಪಾಲು ತಪಾಸಣೆಯ ಗುರುತು ಅದು. ಕತ್ತರಿಸಿದ್ದೇವೆ, ಓದಿದ್ದೇವೆ, ಮುಚ್ಚಿದ್ದೇವೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಅಜ್ಜನ ಮೇಲೇ ಶಂಕೆ ಇದ್ದಿದ್ದರೆ ಆ ಪಟ್ಟಿ ಇರುತ್ತಲೇ ಇರಲಿಲ್ಲ.

ಅಂಚೆ ಇಲಾಖೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ನಡುವೆ ಎರಡು ಮಳೆಗಾಲ ಜೋಯಿಡಾ ಕಡೆ ಎಂದು ಮೂವತ್ತಾರು ವರ್ಷ ದುಡಿದವಳು ನಾನು. ಲಕೋಟೆಯನ್ನು ಗುರುತಿಲ್ಲದಂತೆ ಬಿಚ್ಚುವುದು ಹೇಗೆಂದು ನನ್ನ ಮೊದಲ ಪೋಸ್ಟ್ ಮಾಸ್ತರರು ಬಾಯಲ್ಲಿ ಹೇಳಿದ್ದರು. ಅವರ ಹಿರಿಯರು ಅವರಿಗೆ ಹೇಳಿದ್ದಂತೆ. ಕುದಿಯುವ ನೀರಿನ ಆವಿಗೆ ಅಂಟು ಬಿಡುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಆವಿ ತಗುಲಿದ ಕಾಗದ ಒಣಗಿದ ಮೇಲೆ ಸಣ್ಣಗೆ ಸುಕ್ಕುಗಟ್ಟುತ್ತದೆ, ಶಾಯಿ ಹಬ್ಬುತ್ತದೆ. ಅದಕ್ಕಿಂತ ನಾಜೂಕಿನ ದಾರಿ ಇನ್ನೊಂದು. ಸೀಳಿದ ತೆಳು ಕಡ್ಡಿಯನ್ನು ಲಕೋಟೆಯ ಮೇಲ್ಮೂಲೆಯ ಸಂದಿನಿಂದ ಒಳಗೆ ತೂರಿಸಿ, ಕಾಗದದ ಅಂಚನ್ನು ಆ ಸೀಳಿಗೆ ಸಿಕ್ಕಿಸಿ, ಬೀಡಿ ಸುತ್ತುವ ಹಾಗೆ ಸುತ್ತುತ್ತ ಹೊರಗೆ ಎಳೆಯುವುದು. ಓದಿ, ಮತ್ತೆ ಸುತ್ತಿ ಒಳಗೆ ಬಿಟ್ಟು, ಅಲ್ಲೇ ಬಿಚ್ಚಿಬಿಡುವುದು. ಅಂಟಿಗೆ ಏನೂ ಆಗುವುದಿಲ್ಲ. ಶಂಕಿತರ ಪತ್ರವನ್ನು ಹೀಗೆ ಓದುತ್ತಿದ್ದರೇ ಹೊರತು ಪಟ್ಟಿ ಅಂಟಿಸಿ ಎಚ್ಚರಿಸುತ್ತಿರಲಿಲ್ಲ.

ಶಾಂತಿಕಾಲದಲ್ಲೂ ಇದಕ್ಕೆ ಕಾನೂನಿನ ಬೆಂಬಲ ಇತ್ತು. 1898ರ ಅಂಚೆ ಕಾಯ್ದೆಯ 26ನೇ ಕಲಮು ಸಾರ್ವಜನಿಕ ಸುರಕ್ಷೆ, ಶಾಂತಿ ಎಂಬ ಕಾರಣ ಕೊಟ್ಟು ಟಪಾಲು ತಡೆಹಿಡಿಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ತಂತಿಗೆ 1885ರ ಕಾಯ್ದೆಯ 5ನೇ ಕಲಮು. ನಾನು ಕೆಲಸಕ್ಕೆ ಸೇರಿದಾಗಲೂ ಇವೇ ಕಲಮುಗಳನ್ನು ನಮಗೆ ಓದಿಸಿದ್ದು.

ಗೋವೆಯ ಟಪಾಲಿನ ಮೇಲೆ ಅಷ್ಟು ಕಣ್ಣು ಏಕೆ ಎಂದರೆ, ಗೋವೆ ಪೋರ್ಚುಗೀಸರದು, ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ. ಗೋವೆಯಿಂದ ಹಾಕಿದ ಪತ್ರ ಲಿಸ್ಬನ್‌ಗೆ ಹೋಗಬಹುದು. ಲಿಸ್ಬನ್ ಆಗ ಎರಡೂ ಕಡೆಯ ಗೂಢಚಾರರು ಒಂದೇ ಬೀದಿಯಲ್ಲಿ ಓಡಾಡುತ್ತಿದ್ದ ಊರು. ಹಾಗಾಗಿ ಗೋವೆಯಿಂದ ಹೊರಟದ್ದು ಹೋಟೆಲಿನ ಮಾಣಿಯ ಪತ್ರವಾದರೂ ತಪಾಸಣೆಯ ಮೇಜಿಗೆ ಹೋಗಬೇಕಿತ್ತು.

ನಿಮ್ಮ ಪತ್ರದ ಒಳಗೆ ಅಡಕೆ ಧಾರಣೆ, ಅತ್ತಿಗೆಯ ಬಾಣಂತನ, ಕಳಿಸಿದ ಹಣದ ಲೆಕ್ಕ ಬಿಟ್ಟರೆ ಏನೂ ಇಲ್ಲ ಎಂದು ಬರೆದಿದ್ದೀರಿ. ತಪಾಸಣೆಯವರು ಹೆಚ್ಚು ಹೊತ್ತು ನೋಡುತ್ತಿದ್ದುದೇ ಇಂಥ ಅಂಕಿಗಳನ್ನು. ಧಾರಣೆಯ ಹೆಸರಲ್ಲಿ ಹಡಗುಗಳ ಲೆಕ್ಕ ಹೋಗುತ್ತಿದೆಯೇ ಎಂಬ ಭಯ. ನನಗೆ ಮನಸ್ಸಿಗೆ ತಟ್ಟುವುದು ಬೇರೆ. ಆ ಪತ್ರ ಕನ್ನಡದಲ್ಲಿದೆ. ಎಂದರೆ ತಪಾಸಣೆಯ ಕಚೇರಿಯಲ್ಲಿ ಕನ್ನಡ ಬಲ್ಲ ಯಾರೋ ಒಬ್ಬರು, ನಮ್ಮ ನಿಮ್ಮಂಥ ಮನೆಯ ಒಬ್ಬರು, ಸಂಬಳಕ್ಕೆ ಕೂತು ನಿಮ್ಮ ಮನೆಯ ಬಾಣಂತನದ ಸುದ್ದಿ ಓದಿದ್ದಾರೆ. ಆ ಪಟ್ಟಿಯನ್ನು ಕಿತ್ತು ತೆಗೆಯಬೇಡಿ.

ಪ್ರಶ್ನೆ: ಸದಾಶಿವಗಡದ ಬೆಟ್ಟದ ಬುಡದಲ್ಲಿ ಕೂತು ಕಾಳಿ ನದಿಯ ಚಿತ್ರ ಬರೆಯುತ್ತಿದ್ದ ಒಬ್ಬ ಬಿಳಿಯನನ್ನು, ಯುದ್ಧ ಶುರುವಾದ ವಾರದಲ್ಲೇ ಪೊಲೀಸರು 'ಜರ್ಮನ್ ಗೂಢಚಾರ' ಎಂದು ಹಿಡಿದುಕೊಂಡು ಹೋದರಂತೆ. ನನ್ನ ಅಜ್ಜಿ ಕಣ್ಣಾರೆ ಕಂಡದ್ದು. ಅಷ್ಟು ಬೇಗ ಅವರಿಗೆ ಹೇಗೆ ಗೊತ್ತಾಯಿತು? ಆಗ ಇಲ್ಲಿ ನೌಕಾನೆಲೆ ಇರಲಿಲ್ಲವಲ್ಲ, ಗೂಢಚಾರನಿಗೆ ಇಲ್ಲಿ ಏನು ಕೆಲಸ? (ಕಾರವಾರ)

ನಿಮ್ಮ ಅಜ್ಜಿ ಹೇಳಿದ 'ಯುದ್ಧ ಶುರುವಾದ ವಾರ' ಎಂಬ ಮಾತಿನಲ್ಲೇ ಅರ್ಧ ಉತ್ತರ ಇದೆ. 1939ರ ಸೆಪ್ಟೆಂಬರ್ 3ರಂದು ಯುದ್ಧ ಸಾರಿದರು. ಸಾರಿದ ಕೂಡಲೇ ಬ್ರಿಟಿಷ್ ಇಂಡಿಯಾದ ಉದ್ದಕ್ಕೂ ಜರ್ಮನ್ ಗಂಡಸರನ್ನು ಹಿಡಿದು, ಹೆಚ್ಚಿನವರನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. ಆ ವಾರದಲ್ಲಿ ಒಬ್ಬ ಜರ್ಮನ್ ಹಿಡಿಯಲ್ಪಡಲು ಅವನು ಗೂಢಚಾರನಾಗಿರಬೇಕಿರಲಿಲ್ಲ, ಜರ್ಮನ್ ಪಾಸ್‌ಪೋರ್ಟ್ ಇದ್ದರೆ ಸಾಕಿತ್ತು. ಜನರ ಬಾಯಲ್ಲಿ ಮಾತ್ರ ಅವನು ಗೂಢಚಾರನಾಗಿಯೇ ಉಳಿದ.

ಅಷ್ಟು ಬೇಗ ಹೇಗೆ ಎಂದರೆ, ಹೆಸರುಗಳ ಪಟ್ಟಿ ಮೊದಲೇ ತಯಾರಿತ್ತು. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನನಗೆ ತೀರ ಹತ್ತಿರದ ವಿಷಯ ಇದು.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಳ್ಳಿಯಲ್ಲಿ ಪೊಲೀಸ್ ಪಾಟೀಲ. 1867ರ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಹಳ್ಳಿಯ ಸುದ್ದಿಯನ್ನು ಮೇಲಿನವರಿಗೆ ತಿಳಿಸುತ್ತಲೇ ಇರಬೇಕಾದವನು. ಬರೆಯಲು ಬಾರದಿದ್ದರೆ ಶಾನಭೋಗರ ಕೈಯಲ್ಲಿ ಬರೆಸುತ್ತಿದ್ದ. ಅದು ಠಾಣೆಯ ಅಧಿಕಾರಿಯಾದ ಫೌಜದಾರರಿಗೆ, ಅಲ್ಲಿಂದ ಕಾರವಾರದ ಪೊಲೀಸ್ ಸುಪರಿಂಟೆಂಡೆಂಟ್ ಸಾಹೇಬರಿಗೆ, ಅಲ್ಲಿಂದ ಪುಣೆಯ ಸಿಐಡಿಗೆ. ಪುಣೆಯಲ್ಲಿ ಎಲ್ಲ ಜಿಲ್ಲೆಗಳ ಸುದ್ದಿ ಸೋಸಿ ವಾರಕ್ಕೊಮ್ಮೆ ಗುಪ್ತ ಸಾರಾಂಶ ಅಚ್ಚಾಗುತ್ತಿತ್ತು. ಅದರ ಮೇಲೆ ದೆಹಲಿಯ ಇಂಟೆಲಿಜೆನ್ಸ್ ಬ್ಯೂರೋ, ಬೇಸಿಗೆಯಲ್ಲಿ ಸಿಮ್ಲಾದಿಂದ ಕೆಲಸ ಮಾಡುತ್ತಿದ್ದದ್ದು. ಠಗ್ಗರನ್ನು ಹಿಡಿಯಲೆಂದು ಕಟ್ಟಿದ ಹಳೆಯ ಇಲಾಖೆಯನ್ನು ಮುಚ್ಚಿ 1904ರಲ್ಲಿ ತೆರೆದ ಕಚೇರಿಯೇ ಬೆಳೆದು ಬ್ಯೂರೋ ಆದದ್ದು. ಅದರ ಮುಖ್ಯಸ್ಥರಾಗಿದ್ದ ಡೇವಿಡ್ ಪೆಟ್ರಿ ಮುಂದೆ 1941ರಲ್ಲಿ ಬ್ರಿಟನ್ನಿನ ಒಳನಾಡಿನ ಗುಪ್ತಚರ ಸಂಸ್ಥೆಯಾದ ಎಂಐ5ಗೇ ಮುಖ್ಯಸ್ಥರಾದರು. ಎಂದರೆ ಲಂಡನ್ನನ್ನು ಕಾದ ಕಣ್ಣು ಪಳಗಿದ್ದು ನಮ್ಮ ಹಳ್ಳಿಗಳ ಮೇಲೆ.

ಯುದ್ಧಕ್ಕೆ ಐದು ತಿಂಗಳು ಮೊದಲು, 1939ರ ಏಪ್ರಿಲ್‌ನಲ್ಲಿ, ಪರದೇಶಿಯರ ನೋಂದಣಿ ಕಾಯ್ದೆ ಬಂತು. ಬ್ರಿಟಿಷ್ ಪ್ರಜೆಯಲ್ಲದ ಯಾರೇ ಆಗಲಿ ತಾನು ಬಂದದ್ದನ್ನು, ಊರು ಬದಲಿಸಿದ್ದನ್ನು ಅಧಿಕಾರಿಗೆ ತಿಳಿಸಬೇಕು. ಹೋಟೆಲು, ವಸತಿಗೃಹ, ಧರ್ಮಛತ್ರದವರು ತಮ್ಮಲ್ಲಿ ಇಳಿದ ಪರದೇಶಿಯ ಹೆಸರು ಕೊಡಬೇಕು. ಹಡಗಿನ ಕಪ್ತಾನ ತನ್ನ ಪ್ರಯಾಣಿಕರ ವಿವರ ಕೊಡಬೇಕು. ಇದರ ಜೊತೆಗೆ, ಮುಂಬಯಿ ಮತ್ತು ಕಲಕತ್ತೆಯ ಜರ್ಮನ್ ವ್ಯಾಪಾರಿಗಳ ನಡುವೆ ನಾಜಿ ಪಕ್ಷದ ಶಾಖೆಗಳಿದ್ದವು, ಅವುಗಳ ಸಭೆಗೆ ಯಾರು ಹೋಗುತ್ತಾರೆ ಎಂಬುದನ್ನೂ ಬ್ಯೂರೋ ಗಮನಿಸುತ್ತಿತ್ತು. ಹೀಗೆ ಹೆಸರುಗಳು ಕೂಡುತ್ತ ಬಂದಿದ್ದರಿಂದಲೇ ಯುದ್ಧ ಸಾರಿದಾಗ ಪೊಲೀಸರು ಯಾರ ಮನೆ ಬಾಗಿಲಿಗೆ ಹೋಗಬೇಕು ಎಂದು ಹುಡುಕಬೇಕಾಗಲಿಲ್ಲ.

ಇನ್ನು ನೌಕಾನೆಲೆಯ ಮಾತು. ನೀವು ಹೇಳಿದ್ದು ಸರಿ, ಐಎನ್‌ಎಸ್ ಕದಂಬ ಶುರುವಾದದ್ದು 2005ರಲ್ಲಿ. ಆದರೆ ಆಗಲೂ ಕಾರವಾರ ಗಡಿಯ ಊರು. ಮಾಜಾಳಿ ದಾಟಿದರೆ ಪೋರ್ಚುಗೀಸ್ ನೆಲ. ಬಿಣಗಾ, ಅರ್ಗಾ ಕಡಲತೀರದಲ್ಲಿ ನಿಂತರೆ ಕಣ್ಣೆದುರಿನ ಅಂಜದೀವ ದ್ವೀಪವೂ ಪೋರ್ಚುಗೀಸರದೇ, 1961ರ ಡಿಸೆಂಬರ್‌ವರೆಗೂ. ಘಟ್ಟದ ಮೇಲೆ ಕ್ಯಾಸಲ್‌ರಾಕ್. ಮಾರ್ಮಗೋವಾ ಬಂದರಿನಿಂದ ದೂಧ್‌ಸಾಗರದ ಪಕ್ಕದಲ್ಲಿ ಏರಿ ಬರುವ ರೈಲು ಬ್ರಿಟಿಷ್ ನೆಲಕ್ಕೆ ಕಾಲಿಡುವ ಸ್ಟೇಷನ್ ಅದು, ಇವತ್ತಿಗೂ ನಮ್ಮ ಜಿಲ್ಲೆಯದೇ. ಯುರೋಪಿನಿಂದ ಹಡಗಿನಲ್ಲಿ ಗೋವೆಗೆ ಬಂದು ಇಳಿದವನು ಮುಂಬಯಿ ಬಂದರಿನ ಪೊಲೀಸರ ಕಣ್ಣಿಗೆ ಬೀಳದೆ ಒಳನಾಡಿಗೆ ಬರಬೇಕೆಂದರೆ ಈ ಮೂರರಲ್ಲಿ ಒಂದು ದಾರಿ ಹಿಡಿಯಬಹುದಿತ್ತು: ಮಾಜಾಳಿಯ ರಸ್ತೆ, ಕ್ಯಾಸಲ್‌ರಾಕಿನ ರೈಲು, ಇಲ್ಲವೇ ರಾತ್ರಿಯ ಮಚವೆ, ಎಂದರೆ ಹಾಯಿದೋಣಿ. ಮೂರೂ ನಮ್ಮ ಜಿಲ್ಲೆಯಲ್ಲೇ ಬಂದು ಮುಟ್ಟುತ್ತವೆ.

ಜೋಯಿಡಾ ಕಡೆ ಇದ್ದಾಗ ನಾನು ಮಳೆಗಾಲದಲ್ಲಿ ಕ್ಯಾಸಲ್‌ರಾಕಿಗೆ ಹೋಗುತ್ತಿದ್ದೆ. ಪ್ಲಾಟ್‌ಫಾರ್ಮಿನ ಕಲ್ಲು ಹಾಸಿನ ಮೇಲೆ ಪಾಚಿ, ಸೀರೆಯ ಅಂಚಿಗೆ ಹತ್ತುವ ಉಂಬಳ, ಹತ್ತು ಮಾರು ಆಚೆಗೆ ಏನೂ ಕಾಣದಂಥ ಮಂಜು. ಇಡೀ ರೈಲಿನ ಜನರನ್ನು ಇಳಿಸಿ ಪೆಟ್ಟಿಗೆ ಬಿಚ್ಚಿಸುತ್ತಿದ್ದ ಸುಂಕದವರ ಸ್ಟೇಷನ್ ಇದೇ ಎಂದು ಅಲ್ಲಿ ನಿಂತಾಗ ಪ್ರತಿಸಲವೂ ನೆನಪಾಗುತ್ತಿತ್ತು.

ಮಾಜಾಳಿಯಲ್ಲಿ ಜನರ ಓಡಾಟ ನಿಲ್ಲುತ್ತಿರಲಿಲ್ಲ. ಮದುವೆ, ಜಾತ್ರೆ, ಮೀನು, ಬೆಲ್ಲ ಎಂದು ದಿನವೂ ದಾಟುವವರು. ಅರ್ಧ ಊರಿನ ನೆಂಟಸ್ತಿಕೆ ಗಡಿಯಾಚೆಯ ಕಾಣಕೋಣದಲ್ಲಿ. ಅವರ ನಡುವೆ ಪರದೇಶಿಯನ್ನು ಗುರುತಿಸಲು ಅಜ್ಜನಿಗೆ ನಾಲ್ಕು ಸಂಗತಿ ನೋಡಲು ಹೇಳಿದ್ದರಂತೆ. ಮುಖ, ಜೋಡು, ಪೆಟ್ಟಿಗೆ, ಇಳಿದುಕೊಳ್ಳುವ ಮನೆ. ಮುಖ, ಪೆಟ್ಟಿಗೆ ಸರಿ, ಜೋಡು ಯಾಕೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ. ಅಜ್ಜ ಅಂಗಳದಲ್ಲಿದ್ದ ನನ್ನ ಚಪ್ಪಲಿ ಎತ್ತಿ ತೋರಿಸಿದ. "ಘಟ್ಟ ಇಳಿದು ಬಂದವನ ಜೋಡಿಗೆ ಕೆಂಪು ಮಣ್ಣು ಹತ್ತಿರುತ್ತದೆ ಮಗಾ. ದೋಣಿಯಿಂದ ಇಳಿದವನದಕ್ಕೆ ಉಪ್ಪಿನ ಬಿಳಿ ಗೆರೆ. ರೈಲಿನಿಂದ ಬಂದೆ ಎಂದು ಹೇಳುವವನ ಜೋಡಿನಲ್ಲಿ ಉಪ್ಪು ಕಂಡರೆ ಫೌಜದಾರರಿಗೆ ಹೇಳಬೇಕು." ಅಕ್ಷರ ಬಾರದ ಮನುಷ್ಯ. ನೆಲ, ನೀರು ಓದಲು ಬರುತ್ತಿತ್ತು. ಆ ವಿದ್ಯೆಯನ್ನು ಸರ್ಕಾರ ತಿಂಗಳಿಗೆ ಕೆಲವೇ ರೂಪಾಯಿಗೆ ಕೊಂಡುಕೊಂಡಿತು.

ಹೀಗೆ ಬಲೆಗೆ ಬಿದ್ದವರು ಯಾರು? ಅಹಮದ್‌ನಗರದ ಶಿಬಿರದಲ್ಲಿ ನಾಜಿ ಪಕ್ಷದವರ ಪಕ್ಕದಲ್ಲೇ, ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿ ವೈದ್ಯರು, ಕಲಾವಿದರು, ವ್ಯಾಪಾರಿಗಳೂ ಇದ್ದರು. ಪಾಸ್‌ಪೋರ್ಟ್ ಜರ್ಮನಿಯದ್ದು, ಅಷ್ಟೇ ಅವರ ತಪ್ಪು. ಆಮೇಲೆ ಸರ್ ಮಾಲ್ಕಮ್ ಡಾರ್ಲಿಂಗ್ ಅವರ ನೇತೃತ್ವದ ಸಮಿತಿ ಒಬ್ಬೊಬ್ಬರನ್ನೇ ವಿಚಾರಿಸಿ ಬಹಳ ಜನರನ್ನು ಬಿಟ್ಟಿತು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಹೆದರಿಕೆ ಹೆಚ್ಚಿ, ಬಿಟ್ಟವರಲ್ಲಿ ಕೆಲವರನ್ನು ಮತ್ತೆ ಹಿಡಿದರು. ನಿಮ್ಮ ಅಜ್ಜಿ ಕಂಡ ಚಿತ್ರಗಾರ ಆ ಸಾಲಿನವನಿರಬಹುದು. ಒಂದು ನದಿಯ ಚಿತ್ರ ಬರೆಯುತ್ತಿದ್ದವನ ಕೈಯಿಂದ ಕುಂಚ ಕಿತ್ತುಕೊಂಡ ಆ ದೃಶ್ಯವನ್ನು ಅಜ್ಜಿ ಕೊನೆತನಕ ಮರೆಯಲಿಲ್ಲ ಎಂದು ಬರೆದಿದ್ದೀರಿ. ನನಗೂ ಅದು ಮರೆಯುವ ಹಾಗಿಲ್ಲ.

ನಮ್ಮವರಿಗೂ ಅದರ ಬಿಸಿ ತಟ್ಟಿತು. ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ರಾತ್ರಿ ದಂಡೆಯಲ್ಲಿ ಏಡಿ ಹಿಡಿಯುತ್ತಿದ್ದ ಹುಡುಗರನ್ನು, ಹಡಗಿಗೆ ಬೆಳಕು ತೋರಿಸುತ್ತಿದ್ದೀರಾ ಎಂದು ನಾಕೆಯಲ್ಲಿ ಬೆಳಗಿನವರೆಗೆ ಕೂರಿಸಿದ್ದನ್ನು ಅಜ್ಜ ಹೇಳುತ್ತಿದ್ದ. ಕಾವಲಿಗೆ ಕೂತವನೂ ಅವನೇ. ಅವರಲ್ಲಿ ಒಬ್ಬ ಅವನ ತಂಗಿಯ ಮಗ.

ಪ್ರಶ್ನೆ: ಮೊದಲನೇ ಮಹಾಯುದ್ಧದಲ್ಲೂ ಹೀಗೇ ಇತ್ತೇ? (ಹೊನ್ನಾವರ)

ಇತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದ ಮೇಲಂತೂ ಕರಾವಳಿಯ ಉದ್ದಕ್ಕೂ ಜರ್ಮನ್ ಎಂದರೆ ಗುಮಾನಿ. ನಮ್ಮ ಕಡೆ ಅದರ ಪೆಟ್ಟು ಬಿದ್ದದ್ದು ಬಾಸೆಲ್ ಮಿಶನ್ನಿನವರಿಗೆ. ಮಿಶನ್ನಿನ ಮೂಲ ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಪಾದ್ರಿಗಳಲ್ಲಿ ಜರ್ಮನರೇ ಹೆಚ್ಚು. ಮಂಗಳೂರು, ಧಾರವಾಡ, ಹುಬ್ಬಳ್ಳಿಯಲ್ಲಿ ಶಾಲೆ ನಡೆಸುತ್ತ, ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಿದ್ದವರನ್ನು ಶತ್ರು ದೇಶದವರೆಂದು ಹಿಡಿದು ಅಹಮದ್‌ನಗರಕ್ಕೆ ಕಳಿಸಿದರು. ಮುಂದೆ 'ಗೋಲ್ಕೊಂಡಾ' ಎಂಬ ಹಡಗು ಹತ್ತಿಸಿ ದೇಶದಿಂದಲೇ ಹೊರಗಟ್ಟಿದರು. ಅವರ ಹೆಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗಗಳು ಬೇರೆಯವರ ಕೈಗೆ ಹೋದವು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಅದೇ ಮಿಶನ್ನಿನ ಜರ್ಮನರು. ಕಿಟೆಲ್ 1903ರಲ್ಲೇ ತೀರಿಕೊಂಡಿದ್ದರು. ಅಂಚೆ ಕಚೇರಿಯಲ್ಲಿ ವಿಳಾಸದ ಒಂದು ಪದ ತಿಳಿಯದಾಗ ಅವರ ನಿಘಂಟು ತೆರೆಯುತ್ತಿದ್ದೆ. 1914ರಲ್ಲಿ ಅವರು ಧಾರವಾಡದಲ್ಲಿ ಬದುಕಿದ್ದಿದ್ದರೆ ಆ ಪಟ್ಟಿಯಲ್ಲಿ ಅವರ ಹೆಸರೂ ಇರುತ್ತಿತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಪ್ರಶ್ನೆ: ಮಾರ್ಮಗೋವಾದಲ್ಲಿ ಸುಟ್ಟು ಮುಳುಗಿದ ನಾಲ್ಕು ಹಡಗುಗಳ ಕತೆ ನಿಜವೇ? ಗೂಢಚಾರ ಅಲ್ಲಿಯೇ ಇದ್ದನಂತೆ. (ಕುಮಟಾದ ಕಾಲೇಜು ವಿದ್ಯಾರ್ಥಿ)

ನಿಜ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರ ಕೈಗೆ ಸಿಗಬಾರದೆಂದು ಎಹ್ರೆನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಸರಕು ಹಡಗುಗಳು ತಟಸ್ಥ ಬಂದರಾದ ಮಾರ್ಮಗೋವಾದಲ್ಲಿ ಲಂಗರು ಹಾಕಿದವು. ಇಟಲಿ ಯುದ್ಧಕ್ಕಿಳಿದ ಮೇಲೆ ಆನ್ಫೋರಾ ಎಂಬ ಇಟಾಲಿಯನ್ ಹಡಗೂ ಅವಕ್ಕೆ ಜೊತೆಯಾಯಿತು. ನಮ್ಮ ಕಾರವಾರದಿಂದ ಸಮುದ್ರದಲ್ಲಿ ಸುಮಾರು 40 ನಾಟಿಕಲ್ ಮೈಲು.

1942ರ ಕೊನೆಯಲ್ಲಿ, ಗೋವೆಯಲ್ಲಿ ನೆಲೆಸಿದ್ದ ಕೋಖ್ ಎಂಬ ಜರ್ಮನ್ ಏಜೆಂಟನನ್ನು ಬ್ರಿಟಿಷ್ ಗುಪ್ತದಳದವರು ಗಡಿ ದಾಟಿಸಿ ಈಚೆ ಎತ್ತಿಕೊಂಡು ಬಂದರು. ಬಳಿಕ 1943ರ ಮಾರ್ಚ್ 9ರ ರಾತ್ರಿ 'ಫೀಬಿ' ಎಂಬ ಹೂಳೆತ್ತುವ ಕೆಲಸದ ದೋಣಿಯಲ್ಲಿ ಬಂದ ದಾಳಿಕೋರರು, ಗುಪ್ತ ರೇಡಿಯೊ ಇದೆಯೆಂದು ಶಂಕಿಸಿದ್ದ ಎಹ್ರೆನ್‌ಫೆಲ್ಸ್ ಹತ್ತಿದರು. ಸೈನಿಕರಲ್ಲ ಅವರು, ಕಲಕತ್ತೆಯ ಸೆಣಬು, ಚಹಾ ಕಂಪನಿಗಳ ನಡುವಯಸ್ಸಿನ ಬಿಳಿಯರು, ಕಲಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಪಡೆಯವರು. ತಟಸ್ಥ ಬಂದರಿನಲ್ಲಿ ಸೈನ್ಯ ಇಳಿಸಿದರೆ ಪೋರ್ಚುಗಲ್ಲಿನೊಂದಿಗೆ ಜಗಳ, ಅದಕ್ಕೆ ಈ ಉಪಾಯ. ಹಡಗಿನ ಕಪ್ತಾನ ಹೊಡೆದಾಟದಲ್ಲಿ ಸತ್ತ. ನಾಲ್ಕೂ ಹಡಗುಗಳನ್ನು ಅವುಗಳ ಸಿಬ್ಬಂದಿಯೇ ಬೆಂಕಿ ಹಚ್ಚಿ, ನೀರು ತುಂಬಿಸಿ ಮುಳುಗಿಸಿದರು. ಮೂವತ್ತೈದು ವರ್ಷ ಇದು ಗುಟ್ಟಾಗಿಯೇ ಉಳಿದಿತ್ತು.

ಎಹ್ರೆನ್‌ಫೆಲ್ಸಿನ ರೇಡಿಯೊದಿಂದ ಹೋದ ಸುದ್ದಿಯಿಂದಲೇ ಜರ್ಮನ್ ಜಲಾಂತರ್ಗಾಮಿಗಳು ಹತ್ತಾರು ಹಡಗು ಮುಳುಗಿಸಿದವು, ದಾಳಿಯ ಮರುದಿನದಿಂದ ಎಲ್ಲ ನಿಂತಿತು ಎಂದು ಬರೆಯುವವರಿದ್ದಾರೆ. ನೀನು ಅದನ್ನು ಹಾಗೆಯೇ ಪ್ರಬಂಧದಲ್ಲಿ ಬರೆಯಬೇಡ. ದಾಳಿಯ ನಂತರವೂ ಹಿಂದೂ ಮಹಾಸಾಗರದಲ್ಲಿ ಹಡಗುಗಳು ಮುಳುಗುತ್ತಲೇ ಇದ್ದವು. ಗೆದ್ದವರು ಹೇಳುವ ಕತೆಯಲ್ಲಿ ಗೂಢಚಾರ ಯಾವಾಗಲೂ ಸ್ವಲ್ಪ ದೊಡ್ಡವನಾಗಿರುತ್ತಾನೆ.

ಅದೇ ಬಂದರು, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇನ್ನೊಂದನ್ನು ಕಂಡಿತು. ಗ್ರಿಪ್ಸ್‌ಹೋಮ್ ಮತ್ತು ತೇಯಾ ಮಾರು ಎಂಬ ಎರಡು ಹಡಗುಗಳು ಅಲ್ಲಿ ಸೇರಿ, ಒಂದರಲ್ಲಿದ್ದ ಜಪಾನಿನ ನಾಗರಿಕರು ಮತ್ತು ಇನ್ನೊಂದರಲ್ಲಿದ್ದ ಅಮೆರಿಕ ಮೊದಲಾದ ದೇಶಗಳವರು ಅದಲುಬದಲಾದರು. ಹೆಂಗಸರು, ಮಕ್ಕಳು, ಕೈಯಲ್ಲಿ ಗಂಟು. ದಾಳಿಯ ಬಗ್ಗೆ ಬರೆದಷ್ಟು ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಸಾಧ್ಯವಾದರೆ ನೀನು ಇದರ ಮೇಲೆ ಬರೆ.

ಪ್ರಶ್ನೆ: ನಾನು ಗೋಕರ್ಣದಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತೇನೆ. ಪರದೇಶದ ಅತಿಥಿ ಬಂದರೆ 24 ತಾಸಿನೊಳಗೆ 'ಸಿ ಫಾರ್ಮ್' ತುಂಬಬೇಕು. ಇದಕ್ಕೂ ನೀವು ಹೇಳುವ ಕಾಲಕ್ಕೂ ಸಂಬಂಧ ಇದೆಯೇ?

ನೇರ ಸಂಬಂಧ. ಮೇಲೆ ಹೇಳಿದ 1939ರ ಕಾಯ್ದೆಯ ನಿಯಮಗಳಿಂದಲೇ ಆ ಫಾರ್ಮು ಬಂದದ್ದು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ಫಾರ್ಮು ಉಳಿಯಿತು. 2025ರ ಸೆಪ್ಟೆಂಬರ್ 1ರಿಂದ ಆ ಹಳೆಯ ಕಾಯ್ದೆ ರದ್ದಾಗಿ ವಲಸೆ ಮತ್ತು ಪರದೇಶಿಯರ ಹೊಸ ಕಾಯ್ದೆ ಬಂದಿದೆ, ಅದರಲ್ಲೂ ವಸತಿ ಕೊಡುವವರು ತಿಳಿಸಬೇಕೆಂಬ ಕಟ್ಟಳೆ ಮುಂದುವರಿದಿದೆ. ತಪ್ಪದೆ ತುಂಬಿ.

ಪ್ರಶ್ನೆ: ನನ್ನ ಮುತ್ತಜ್ಜ ಅಂಕೋಲಾ ಕಡೆಯ ಒಂದು ಹಳ್ಳಿಯ ಪೊಲೀಸ್ ಪಾಟೀಲರು. ಅವರ ಕೈಬರಹದ ಒಂದು ವಹಿ ನಮ್ಮಲ್ಲಿದೆ. ಒಂದು ಪುಟದಲ್ಲಿ ಪರದೇಶದ ಪಾದ್ರಿ ಬಂದುಹೋದದ್ದು, ಇನ್ನೊಂದರಲ್ಲಿ ಅಪರಿಚಿತ ಮಚವೆ, ಅದರ ಕೆಳಗೇ ಕಾಂಗ್ರೆಸ್ಸಿನವರ ಸಭೆಗೆ ಯಾರ್‍ಯಾರು ಹೋಗಿದ್ದರು ಎಂಬ ಹೆಸರುಗಳು. ಆ ಹೆಸರುಗಳಲ್ಲಿ ಎರಡು ಮನೆಯವರು ಇಂದಿಗೂ ನಮ್ಮ ನೆರೆಯವರು. ಅಪ್ಪ ವಹಿಯನ್ನು ಸುಟ್ಟುಬಿಡು ಎನ್ನುತ್ತಾರೆ. ನನಗೆ ನಾಚಿಕೆಯೂ ಆಗುತ್ತದೆ, ಸುಡಲು ಮನಸ್ಸೂ ಬರುವುದಿಲ್ಲ. ಏನು ಮಾಡಲಿ?

ಸುಡಬೇಡಿ. ದಯವಿಟ್ಟು ಸುಡಬೇಡಿ.

ನಿಮ್ಮ ಪತ್ರವನ್ನು ನಾನು ನಾಲ್ಕು ಸಲ ಓದಿದೆ. ಯಾಕೆಂದರೆ ನನ್ನ ಅಜ್ಜನದೂ ಒಂದು ಚೀಟಿಯ ಕಟ್ಟು ಇತ್ತು. ಅವನಿಗೆ ಬರೆಯಲು ಬಾರದಿದ್ದರೂ ನಾಕೆಯ ಗುಮಾಸ್ತರು ಬರೆದುಕೊಟ್ಟ ಚೀಟಿಗಳನ್ನು ಕೆಂಪು ದಾರದಲ್ಲಿ ಪೋಣಿಸಿ ಇಟ್ಟಿದ್ದ. ಮನೆ ಬದಲಾಯಿಸಿದ ಮಳೆಗಾಲದಲ್ಲಿ ಕಟ್ಟು ಒದ್ದೆಯಾಯಿತು, ನಮ್ಮ ಮನೆಯವರೇ ಅದನ್ನು ಬಚ್ಚಲೊಲೆಗೆ ಹಾಕಿದರು. ನಾನಾಗ ಶಿರಸಿಯಲ್ಲಿ ಡ್ಯೂಟಿಯಲ್ಲಿದ್ದೆ. ಬಂದು ಕೇಳಿದಾಗ ದಾರದ ತುಂಡು ಮಾತ್ರ ಗೂಟಕ್ಕೆ ನೇತಾಡುತ್ತಿತ್ತು. ಆ ಏಡಿ ಹಿಡಿಯುವ ಹುಡುಗರ ಹೆಸರು ಅದರಲ್ಲಿತ್ತೇ, ತಂಗಿಯ ಮಗನ ಹೆಸರನ್ನು ಅಜ್ಜ ಹೇಳಿದನೇ, ಮುಚ್ಚಿಟ್ಟನೇ? ನನಗೆ ತಿಳಿಯುವ ಒಂದೇ ದಾರಿ ಆ ಒಲೆಯಲ್ಲಿ ಹೋಯಿತು.

ನಿಮ್ಮ ವಹಿಯಲ್ಲಿ ಪಾದ್ರಿ, ಮಚವೆ, ಕಾಂಗ್ರೆಸ್ ಸಭೆ ಒಟ್ಟಿಗೇ ಇರುವುದೇ ಅದರ ಬೆಲೆ. ಪರದೇಶಿಯನ್ನು ನೋಡುವ ಕಣ್ಣು, ನಮ್ಮವರನ್ನು ನೋಡುವ ಕಣ್ಣು ಎಂದು ಅವರಲ್ಲಿ ಎರಡಿರಲಿಲ್ಲ. ಒಂದೇ ವಹಿ, ಒಂದೇ ಕೈ, ಹಳ್ಳಿಯಿಂದ ಪುಣೆ, ದೆಹಲಿಯವರೆಗೆ ಸುದ್ದಿ ಏರುವ ಒಂದೇ ಏಣಿ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದಾಗಲೂ, ಮುಂದೆ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡೆವು ಎಂದು ಹೊಲ, ಮನೆ ಕಳೆದುಕೊಂಡಾಗಲೂ ಹೆಸರುಗಳು ಹೋದದ್ದು ಈ ಏಣಿಯ ಮೇಲೆಯೇ. 1939ರಲ್ಲಿ ಯುದ್ಧಕ್ಕೆಂದು ತಂದ ಭಾರತ ರಕ್ಷಣಾ ಕಾಯ್ದೆ ವಿಚಾರಣೆಯಿಲ್ಲದೆ ನಮ್ಮವರನ್ನೇ ಸೆರೆಗೆ ಹಾಕಲು ಬಳಕೆಯಾಯಿತು. ಜರ್ಮನರನ್ನು ಕೂಡಿಟ್ಟ ಅಹಮದ್‌ನಗರದಲ್ಲೇ, ಅಲ್ಲಿನ ಕೋಟೆಯಲ್ಲಿ, 1942ರಿಂದ ನೆಹರೂ ಮತ್ತು ಸಂಗಡಿಗರು ಸೆರೆಯಲ್ಲಿದ್ದರು. ಅದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಿಮ್ಮ ಮುತ್ತಜ್ಜನ ಕೈಬರಹದಲ್ಲಿ ಕಾಣುವುದು ಬೇರೆ.

ನಾಚಿಕೆಯ ಮಾತು. ಪೊಲೀಸ್ ಪಾಟೀಲ ಬರೆಯದೆ ಇದ್ದರೆ ಕೆಲಸ ಹೋಗುತ್ತಿತ್ತು, ಇನ್ನೊಬ್ಬ ಬರೆಯುತ್ತಿದ್ದ. ಅದು ನಿಜ, ಆದರೆ ಅಷ್ಟೇ ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಕೆಲಸ ಬಿಟ್ಟು ಚಳವಳಿಗೆ ಸೇರಿದ ಪಾಟೀಲರೂ ನಮ್ಮ ಜಿಲ್ಲೆಯಲ್ಲಿದ್ದರು. ನಿಮ್ಮ ಮುತ್ತಜ್ಜ ಬಿಡಲಿಲ್ಲ. ಇದ್ದದ್ದು ಹಾಗೆ. ಆದರೆ ವಹಿಯನ್ನು ನಿಧಾನವಾಗಿ ಓದಿ. ಯಾರ ಹೆಸರು ಬರೆದಿದ್ದಾರೆ ಎಂಬಷ್ಟೇ ಅಲ್ಲ, ಆ ಸಭೆಗೆ ಖಂಡಿತ ಹೋಗಿದ್ದರೆಂದು ಊರಿಗೆಲ್ಲ ಗೊತ್ತಿರುವ ಯಾರ ಹೆಸರು ಅದರಲ್ಲಿ ಇಲ್ಲ ಎಂದೂ ನೋಡಿ. ನೆರೆಮನೆಯ ಹಿರಿಯರು ಹೇಳಬಲ್ಲರು. ಬಿಟ್ಟ ಹೆಸರೂ ಅವರ ಕೈಬರಹವೇ.

ಆ ಎರಡು ಮನೆಯವರಿಗೆ ತೋರಿಸಲೇ ಎಂದು ಕೇಳಿಲ್ಲ ನೀವು, ಆದರೆ ಮನಸ್ಸಿನಲ್ಲಿ ಅದೇ ಇದೆ ಎಂದು ನನಗೆ ಅನಿಸುತ್ತದೆ. ತೋರಿಸಿ. ಅವರ ಹಿರಿಯರು ಆ ದಿನ ಆ ಸಭೆಯಲ್ಲಿದ್ದರು ಎಂಬುದಕ್ಕೆ ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಕೊಟ್ಟ ತಾಮ್ರಪತ್ರಕ್ಕಿಂತ ಗಟ್ಟಿಯಾದ ಸಾಕ್ಷಿ ನಿಮ್ಮ ಮನೆಯಲ್ಲಿದೆ.

ಉಳಿದ ಕಾಗದ ಹುಡುಕಬೇಕೆಂದರೆ, 1956ರವರೆಗೆ ನಾವು ಮುಂಬಯಿಗೆ ಸೇರಿದ್ದರಿಂದ ಸರ್ಕಾರದ ಕಡತಗಳು ಬಹುಪಾಲು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ದಫ್ತರಖಾನೆಯಲ್ಲಿವೆ. ದೆಹಲಿಯ ರಾಷ್ಟ್ರೀಯ ದಫ್ತರಖಾನೆಯ ಗೃಹ ಇಲಾಖೆಯ ಕಡತಗಳನ್ನು 'ಅಭಿಲೇಖ ಪಟಲ' ಎಂಬ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು, ಜಿಲ್ಲೆಯ ಹೆಸರನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ, 'ನಾರ್ತ್ ಕೆನರಾ' ಎಂದೇ ಹುಡುಕಿ.

ವಹಿಗೆ ಪ್ಲಾಸ್ಟಿಕ್ ಹೊದಿಸಬೇಡಿ, ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ, ಆ ಅಂಟು ಹತ್ತು ವರ್ಷದಲ್ಲಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಪ್ರತಿ ಪುಟದ ಫೋಟೋ ತೆಗೆಯುವುದಾದರೆ ಬಿಸಿಲಿನಲ್ಲಿ ಬೇಡ, ಬೆಳಗಿನ ಹೊತ್ತು ಜಗುಲಿಯ ನೆರಳಲ್ಲಿ ತೆಗೆಯಿರಿ. ಕೆಲವು ಪುಟ ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿವೆ ಎಂದಿದ್ದೀರಿ, ಅದನ್ನು ಓದಬಲ್ಲ ಒಬ್ಬರು ನನಗೆ ಪರಿಚಯ. ಮಳೆ ಹಿಂದೆಗೆದ ಮೇಲೆ, ನೀವು ಒಪ್ಪಿದರೆ, ಅವರನ್ನು ಕರೆದುಕೊಂಡು ನಾನೇ ಅಂಕೋಲೆಗೆ ಬರುತ್ತೇನೆ. ಅಪ್ಪನೂ ಅಂದು ಮನೆಯಲ್ಲಿರಲಿ.